ಬಲಗಿವಿಯ ಹಿಂದಿನ ದನಿ

“ನಮ್ಮಪ್ಪನ ದನಿ ವಾಪಸ್ ಕೊಡಿ ಮೇಡಂ.”

ಹೊಸನಗರದ ನನ್ನ ಕ್ಲಾಸಿನ ಬಾಗಿಲಲ್ಲಿ, ಚಪ್ಪಲಿಯನ್ನೂ ಬಿಡದೆ ನಿಂತು ಅವಳು ಹಾಗೆ ಕೇಳಿದಳು. ಬುಧವಾರ, ಬೆಳಗಿನ ಹನ್ನೊಂದು ಗಂಟೆ. ಕೆಳಗಿನ ಗೊಬ್ಬರದಂಗಡಿಯಲ್ಲಿ ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ನಾನು ನಕ್ಕು ಕುರ್ಚಿ ಎಳೆದೆ. ಗಿರಾಕಿ ಬಿಸಿಯಾಗಿ ಬಂದರೆ ಮೊದಲು ಕೂರಿಸಬೇಕು. ನಿಂತವರ ಸಿಟ್ಟು ಕೂತರೆ ಅರ್ಧಕ್ಕಿಳಿಯುತ್ತದೆ. ಇದನ್ನು ನೀವೂ ಬರೆದಿಟ್ಟುಕೊಳ್ಳಿ, ಎಲ್ಲಾದರೂ ಉಪಯೋಗಕ್ಕೆ ಬರುತ್ತದೆ. ಅವಳು ಮಾತ್ರ ಕೂರಲಿಲ್ಲ. ಸಿಟ್ಟೂ ಇರಲಿಲ್ಲ ಅವಳಲ್ಲಿ. ಕಳೆದುಹೋದ ಮಗುವನ್ನು ಕೇಳಿಕೊಂಡು ಬಂದವಳ ಮುಖ ಅದು.

ಎರಡು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ನಾನು ಐದೇ ನಿಮಿಷದಲ್ಲಿ ಅವಳ ಭಯ ತೆಗೆದಿದ್ದೆ. ಅದರ ವಿಡಿಯೊವನ್ನು ಸ್ಟೇಟಸ್ಸಿಗೆ, ಕ್ಲಾಸಿನ ಫೇಸ್‌ಬುಕ್ ಪೇಜಿಗೆ ಹಾಕಿದ್ದೆ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯವರು ನೋಡಿದ್ದರು. ಅದನ್ನು ನೋಡಿಯೇ ಸೇರಿದವರು ಎಷ್ಟೋ ಜನ. ನನ್ನ ಅತಿ ಒಳ್ಳೆಯ ಜಾಹೀರಾತು ಈಗ ಸರಕು ಹಿಂದಿರುಗಿಸಲು ಬಂದು ಬಾಗಿಲಲ್ಲಿ ನಿಂತಿತ್ತು.

ನನ್ನ ಬಗ್ಗೆ ನಾಲ್ಕು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೇ ಫೇಲಾದವಳು ನಾನು. ಸ್ಟೀಲ್ ಪಾತ್ರೆಗಳ ಗಂಟು ಹೊತ್ತು ಆನಂದಪುರ, ಹುಂಚ ಅಂತ ಊರೂರು ತಿರುಗಿದೆ. ಹಳೆಯ ಜರಿ ಸೀರೆ ಕೊಟ್ಟರೆ ಹೊಸ ಪಾತ್ರೆ ಕೊಡುವ ವ್ಯಾಪಾರ. ಆಮೇಲೆ ಜೋಗದಲ್ಲಿ ಸುಟ್ಟ ಜೋಳ ಮಾರುತ್ತ, ಪ್ರವಾಸಿಗಳ ಹತ್ತಿರ ಹರಕು ಮುರುಕು ಮಾತಾಡುತ್ತ ಇಂಗ್ಲಿಷ್ ಕಲಿತೆ. ವ್ಯಾಕರಣ ಆಮೇಲೆ ಪುಸ್ತಕದಿಂದ ಬಂತು, ನಾಚಿಕೆ ಮೊದಲೇ ಹೋಗಿತ್ತು. ಈಗ ವಾರಕ್ಕೆ ಮೂರು ಊರಿನಲ್ಲಿ ಸ್ಪೋಕನ್ ಇಂಗ್ಲಿಷ್ ಮತ್ತು ವ್ಯಕ್ತಿತ್ವ ವಿಕಸನದ ಕ್ಲಾಸು ನಡೆಸುತ್ತೇನೆ.

ನಡುವೆ ಒಮ್ಮೆ ಶಿವಮೊಗ್ಗದ ಹೋಟೆಲೊಂದರ ಹಾಲಿನಲ್ಲಿ ಮೂರು ದಿನ ಕೂತು ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ ಕಲಿತು ಬಂದೆ. ಎನ್‌ಎಲ್‌ಪಿ ಅಂತಾರೆ, ಮಾತಿನಿಂದಲೇ ಮನಸ್ಸನ್ನು ತಿರುಗಿಸುವ ವಿದ್ಯೆ. ಎದುರಿನವರು ಕೈ ಕಟ್ಟಿ ಕೂತರೆ ನೀವೂ ಕೈ ಕಟ್ಟಿ, ಅವರ ಮಾತಿನ ವೇಗದಲ್ಲೇ ಮಾತಾಡಿ, ಅವರು ಹೇಳಿದ್ದಕ್ಕೆ ಮೊದಲು ಹೂಂ ಅನ್ನಿ, ಆಮೇಲೆ ನಿಧಾನಕ್ಕೆ ನಿಮ್ಮ ದಾರಿಗೆ ತಿರುಗಿಸಿ ಎಂದು ಅಲ್ಲಿಯ ಗುರುಗಳು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಹುಂಚದ ಅಜ್ಜಿಯರ ಜಗಲಿಯಲ್ಲಿ ನಾನು ಅಷ್ಟು ವರ್ಷ ಮಾಡಿದ್ದು ಇನ್ನೇನು? ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಗುರುಗಳು ಹೇಳಿದ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತ್ತು. ಯಾರ ಕಥೆಯನ್ನೂ ಕೇಳಬೇಕಾಗಿಲ್ಲ. ತಲೆಯೊಳಗೆ ಹೆದರಿಸುವ ದನಿಯಿದ್ದರೆ ಅದು ಯಾರದು, ಯಾಕೆ ಎಂದು ಕೆದಕಬೇಡಿ. ಎಲ್ಲಿಂದ ಬರುತ್ತದೆ, ಎಷ್ಟು ಜೋರು, ದಪ್ಪವೋ ಸಣ್ಣದೋ, ಅಷ್ಟು ಕೇಳಿ. ದನಿಯ ರೂಪ ಬದಲಿಸಿ, ಭಯ ತಾನೇ ಬಿಡುತ್ತದೆ. ನನಗೆ ಇದು ಸರಿಹೋಯಿತು. ವ್ಯಾಪಾರಸ್ಥರಿಗೆ ಕಥೆ ಕೇಳುತ್ತ ಕೂರುವ ಪುರುಸೊತ್ತು ಎಲ್ಲಿರುತ್ತದೆ?

ಅವಳು ನರ್ಸರಿ ಸ್ಕೂಲಿನ ಟೀಚರು. ಹೊಸ ಆಡಳಿತದವರು ಜೂನಿನಿಂದ ಪಾಲಕರ ಸಭೆಯನ್ನು ಇಂಗ್ಲಿಷಿನಲ್ಲೇ ನಡೆಸಬೇಕು, ಆಗದವರು ಬರುವುದೇ ಬೇಡ ಎಂದಿದ್ದರು. ಓದಲು, ಬರೆಯಲು ನನಗಿಂತ ಚೆನ್ನಾಗಿ ಬರುತ್ತಿತ್ತು ಅವಳಿಗೆ. ಎದ್ದು ನಿಂತರೆ ಮಾತ್ರ ಬಾಯಿಗೆ ಬೀಗ.

“ಬಾಯಿ ತೆಗೆದ್ರೆ ಯಾರೋ ಬೈದ ಹಾಗೆ ಕೇಳ್ತದೆ ಮೇಡಂ.”

“ಯಾರು ಅಂತ ಹೇಳ್ಬೇಡಿ. ಎಲ್ಲಿಂದ ಕೇಳ್ತದೆ, ಅಷ್ಟು ಹೇಳಿ.”

“ಬಲಗಿವಿ ಹಿಂದೆ. ಸ್ವಲ್ಪ ಮೇಲಿಂದ.”

“ದಪ್ಪನಾ, ಸಣ್ಣನಾ?”

“ದಪ್ಪ. ಒಂಚೂರು ಮೂಗಲ್ಲಿ ಬರ್ತದೆ.”

ಹಿಂದಿನ ಬೆಂಚಿನಿಂದ ಫೋಟೊ ಸ್ಟುಡಿಯೋದವನು, “ಮೇಡಂ, ನಂಗೂ ಒಂದು ಕೇಳ್ತದೆ, ಅಡುಗೆಮನೆ ಕಡೆಯಿಂದ. ಅದ್ನೂ ಒಂದು ಗತಿ ಕಾಣಿಸಿ” ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗು ಬಂದಾಗಲೇ ಕೆಲಸ ಮುಗಿಸಬೇಕು. ಕಣ್ಣು ಮುಚ್ಚಿ ಎಂದೆ. ಆ ದನಿಗೆ ರೇಡಿಯೊದ ಹಾಗೆ ಒಂದು ತಿರುಗಣಿ ಇದೆ ಅಂದುಕೊಳ್ಳಿ, ತಗ್ಗಿಸಿ. ಇನ್ನೂ ತಗ್ಗಿಸಿ. ಈಗ ಕ್ಯಾಸೆಟ್ ವೇಗವಾಗಿ ಓಡಿಸಿ. ದಪ್ಪ ದನಿ ಸಣ್ಣಗಾಗಲಿ, ಕೀಚಲಾಗಲಿ. ಅಳಿಲು ಬೈದರೆ ಹೇಗಿರುತ್ತದೆ? ಹಾಗೆ. ಬಯ್ಯಲಿ ಬಿಡಿ ಅಳಿಲು, ನಿಮಗೇನು?

ಅವಳ ಹೆಗಲು ಕುಲುಕಿತು. ಕಣ್ಣು ಮುಚ್ಚಿಕೊಂಡೇ ಗಟ್ಟಿಯಾಗಿ ನಕ್ಕಳು. ಆಮೇಲೆ ಎದ್ದು ನಿಂತು ತನ್ನ ಶಾಲೆ, ಮಕ್ಕಳು, ಮಕ್ಕಳ ಟಿಫನ್ ಡಬ್ಬಿಗಳ ಬಗ್ಗೆ ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದಳು, ಒಂದು ಕಡೆಯೂ ನಿಲ್ಲದೆ. ಚಪ್ಪಾಳೆ ಬಿತ್ತು. ನಾನು ಮೊದಲಿನಿಂದಲೂ ಫೋನ್ ಹಿಡಿದಿದ್ದೆ.

ಈಗ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟು.

“ಸಭೆ ಚೆನ್ನಾಗಿ ಆಯ್ತು ಮೇಡಂ. ಕೆಲಸನೂ ಉಳೀತು. ಅದರಲ್ಲಿ ನಿಮ್ದು ತಪ್ಪಿಲ್ಲ. ಮೊನ್ನೆ ಅಪ್ಪನ ತಿಥಿ. ಎಡೆ ಇಟ್ಟು ಕೈ ಮುಗ್ದೆ. ವರ್ಷ ವರ್ಷನೂ ಆ ಹೊತ್ತಿಗೆ ಅಪ್ಪ ಬೈತಾರೆ, ಉಪ್ಪು ಕಮ್ಮಿ, ಪಲ್ಯ ಕರಕಲು ಅಂತ. ಇವತ್ತು ಎಂಥ ಬೈತಾರೋ ಅಂತ ನಾನೇ ಕಾದ್ಕೊಂಡು ನಿಲ್ತೀನಿ. ಈ ಸಲ ಅಳಿಲು ಕಿಚಕಿಚ ಅಂತು. ಅಣ್ಣ, ಅತ್ತಿಗೆ ಎಲ್ಲ ಕಣ್ಣು ಒರೆಸ್ಕೊಳ್ತಾ ಇದ್ರು. ನಾನು ನಕ್ಕುಬಿಟ್ಟೆ ಮೇಡಂ. ಎಡೆ ಮುಂದೆ ನಕ್ಕುಬಿಟ್ಟೆ.”

ನನ್ನ ಮುಖದ ನಗು ಅಲ್ಲಿಗೆ ಹೋಯಿತು.

ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಅಪ್ಪನ ದನಿ ಯಾವುದಾದರೂ ಫೋನಿನಲ್ಲಿದೆಯಾ ಎಂದೆ. ಅವರು ಹೋಗುವಾಗ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಅದೂ ಕೆಟ್ಟಿತ್ತು. ಮದುವೆಯ ಸಿ.ಡಿ.? ಅದರಲ್ಲಿ ಅಪ್ಪ ಇದ್ದಾರೆ, ಬಂದವರಿಗೆ ಕೈ ಮುಗಿಯುತ್ತಾರೆ, ಬಾಯಿ ಆಡಿಸುತ್ತಾರೆ, ಕೇಳುವುದು ವಾಲಗ ಮಾತ್ರ. ಸರಿ, ಹೋದ ದಾರಿಯಲ್ಲೇ ಹಿಂದೆ ಬರೋಣ ಎಂದು ಕೂರಿಸಿದೆ. ಕಣ್ಣು ಮುಚ್ಚಿ. ಕ್ಯಾಸೆಟ್ ನಿಧಾನ ಮಾಡಿ. ತಿರುಗಣಿ ಏರಿಸಿ. ದಪ್ಪ ಮಾಡಿ, ಇನ್ನೂ ದಪ್ಪ.

“ಎಂಥ ಬಂತು?”

“ದಪ್ಪ ಅಳಿಲು ಮೇಡಂ.”

ಬೇರೆ ಸಮಯದಲ್ಲಾದರೆ ಇಬ್ಬರೂ ನಗುತ್ತಿದ್ದೆವು.

ಆ ಸಂಜೆ ಶಿವಮೊಗ್ಗದ ಗುರುಗಳಿಗೆ ಫೋನ್ ಮಾಡಿದೆ. “ರಿಸಲ್ಟ್ ಬಂದಿದೆಯಲ್ಲ ಮೇಡಂ, ಇನ್ಯಾಕೆ ಚಿಂತೆ? ಅವರ ಹತ್ತಿರ ಎರಡು ಒಳ್ಳೆ ಮಾತು ಬರೆಸಿಕೊಳ್ಳಿ” ಎಂದರು.

ಫೋನ್ ಇಟ್ಟು ಹಳೆಯ ವಿಡಿಯೊ ತೆಗೆದು ನೋಡಿದೆ. ಅದನ್ನು ಎಷ್ಟು ಸಲ ಎಷ್ಟು ಜನರಿಗೆ ತೋರಿಸಿದ್ದೆನೋ. ಆದರೆ ಯಾವಾಗಲೂ ಅವಳು ಮಾತಾಡುವ ಭಾಗವನ್ನೇ ನೋಡಿದ್ದೆ. ಅದಕ್ಕೂ ಮೊದಲು, ನಗು ನಿಂತು ಅವಳು ಕಣ್ಣು ಬಿಡುವ ನಡುವೆ, ಒಂದು ಗಳಿಗೆ ಇದೆ. ಅವಳ ಕತ್ತು ಬಲಕ್ಕೆ, ಹಿಂದಕ್ಕೆ, ಸ್ವಲ್ಪವೇ ಸ್ವಲ್ಪ ಹೊರಳುತ್ತದೆ. ಬಸ್ಸಿನಲ್ಲಿ ಹತ್ತಿರ ನಿಂತಿದ್ದವರು ಸ್ಟಾಪು ಬಂತೆಂದು ಇಳಿದುಹೋದಾಗ ನಾವು ತಿರುಗಿ ನೋಡುತ್ತೇವಲ್ಲ, ಹಾಗೆ. ಚಪ್ಪಾಳೆಯ ಮೊದಲು ಕೋಣೆಯಲ್ಲಿ ಯಾರೋ ಒಬ್ಬರು ಕಡಿಮೆಯಾಗಿದ್ದರು. ಇಳಿಸಿದವಳು ನಾನು.

ಪೇಜು, ಗ್ರೂಪು, ಎಲ್ಲ ಕಡೆಯಿಂದ ವಿಡಿಯೊ ತೆಗೆದೆ. ಆದರೆ ಆ ಹೊರಳಿದ ಕತ್ತು ನನ್ನನ್ನು ಬಿಡಲಿಲ್ಲ. ಅದರ ಹಿಂದೆಯೇ ಇನ್ನೊಬ್ಬಳು ನೆನಪಿಗೆ ಬಂದಳು.

ಪಾತ್ರೆ ಮಾರುತ್ತಿದ್ದ ಕಾಲದ ಮಾತು. ಹುಂಚದ ಹತ್ತಿರ ಒಬ್ಬ ಹೆಂಗಸು ಕಡು ನೇರಳೆ ಬಣ್ಣದ ಜರಿ ಸೀರೆ ಕೊಟ್ಟು ದೊಡ್ಡ ಡಬರಿ ತೆಗೆದುಕೊಂಡಿದ್ದಳು. ಬೆರಳಿನಿಂದ ತಟ್ಟಿ ಸದ್ದು ಕೇಳಿ, ದಪ್ಪ ತಗಡು ಎಂದು ಖಾತ್ರಿ ಮಾಡಿಕೊಂಡೇ ತೆಗೆದುಕೊಂಡಳು. ಮುಂದಿನ ವಾರ ಬಸ್ ಸ್ಟಾಪಿನಲ್ಲಿ ಅದೇ ಡಬರಿಯನ್ನು ಎದೆಗವಚಿಕೊಂಡು ನಿಂತಿದ್ದಳು. “ಅಕ್ಕಾ, ಅದು ಅಮ್ಮನ ಸೀರೆ. ತಂಗಿ ಬಂದು ಕೇಳಿದ್ಲು. ವಾಪಸ್ ಕೊಡಿ, ಇದನ್ನ ಒಲೆ ಮೇಲೂ ಇಟ್ಟಿಲ್ಲ ನೋಡಿ” ಎಂದಳು. ಸೀರೆ ಆಗಲೇ ಜರಿಯವನ ಕೈಸೇರಿತ್ತು. ಅವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ವ್ಯಾಪಾರ ಮುಗಿದ ಮೇಲೆ ಮಾತಿಲ್ಲಮ್ಮ ಎಂದು ಬಸ್ಸು ಹತ್ತಿದೆ. ಸುಟ್ಟುಹೋಗಿದೆ ಎಂದು ಕೂಡ ಹೇಳಲಿಲ್ಲ. ಈ ಕಥೆಯನ್ನು ನನ್ನ ಕ್ಲಾಸುಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ, ‘ದೃಢವಾಗಿ ಇಲ್ಲ ಎನ್ನುವುದು ಹೇಗೆ’ ಎಂಬ ಪಾಠದಲ್ಲಿ. ಆ ಪಾಠವನ್ನು ಈಗ ಬಿಟ್ಟಿದ್ದೇನೆ.

ಮುಂದಿನ ಬುಧವಾರ ಅವಳು ಮತ್ತೆ ಬಂದಳು. ಉಳಿದವರು ಹೋಗುವವರೆಗೂ ಕಾದಳು. ಈ ಸಲ ನಾನು ಯಾವ ತಂತ್ರಕ್ಕೂ ಹೋಗಲಿಲ್ಲ. ಮೊದಲ ದಿನವೇ ಕೇಳಬೇಕಾಗಿದ್ದನ್ನು ಕೇಳಿದೆ.

“ಅಪ್ಪ ಎಂಥ ಮಾಡ್ತಿದ್ರು?”

“ಬಸ್ ಕಂಡಕ್ಟರ್. ಸಾಗರ–ತೀರ್ಥಹಳ್ಳಿ ಪ್ರೈವೇಟ್ ಬಸ್ಸು. ಆನಂದಪುರ, ಹುಂಚದ ಮೇಲೆ ಹೋಗ್ತಿತ್ತಲ್ಲ, ಅದು. ಮನೇಲೂ ಕಂಡಕ್ಟರೇ. ನಾನು ಇಂಗ್ಲಿಷ್ ಪಾಠ ಓದಕ್ಕೆ ಕೂತ್ರೆ ಹಿಂದೆ ಬಂದು ನಿಲ್ಲೋರು. ‘ನುಂಗ್ಬೇಡ. ಟಿಕೆಟ್ ಇಲ್ದೆ ಹತ್ತಿದವ್ರ ಥರ ಮಾತಾಡ್ತೀಯಲ್ಲೇ, ಗಟ್ಟಿ ಹೇಳು!’ ಅನ್ನೋರು.”

ಬಲಗಿವಿಯ ಹಿಂದೆ, ಸ್ವಲ್ಪ ಮೇಲಿಂದ. ಕೂತ ಮಗಳ ಹಿಂದೆ ನಿಂತ ಅಪ್ಪ.

ಆ ಬಸ್ಸು ನನಗೆ ಗೊತ್ತಿತ್ತು. ಪಾತ್ರೆಯ ಗಂಟಿನ ಜೊತೆ ವಾರಕ್ಕೆರಡು ಸಲ ಹತ್ತುತ್ತಿದ್ದೆ. ಗಂಟನ್ನು ಪಕ್ಕದ ಸೀಟಿನ ಮೇಲಿಟ್ಟು, ಲಗೇಜಿನ ದುಡ್ಡು ಕೊಡುವುದಿಲ್ಲ ಎಂದು ಪ್ರತಿ ಸಲ ಜಗಳ ತೆಗೆಯುತ್ತಿದ್ದೆ. ಕಂಡಕ್ಟರು ಹಿಂದಿನಿಂದ ಬಂದು ಹೇಳುತ್ತಿದ್ದ ಮಾತು ನೆನಪಾಯಿತು. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ, ಅವರು ಹೇಳಿದ ಹಾಗೆ ಹೇಳಿಬಿಟ್ಟೆ.

“ಅಕ್ಕೋ, ಆ ಗಂಟೂ ಸೀಟಲ್ಲಿ ಕೂರೋದಾದ್ರೆ ಅದ್ರ ಟಿಕೆಟ್ಟೂ ತಗೊಳ್ಳಿ. ಇಲ್ಲಾಂದ್ರೆ ಮಗೂ ಥರ ತೊಡೆ ಮೇಲೆ ಕೂರಿಸ್ಕೊಳ್ಳಿ.”

ಅವಳ ಕೈ ಬಾಯಿಗೆ ಹೋಯಿತು.

“ಕಿವಿಗೆ ಪೆನ್ಸಿಲ್ ಸಿಕ್ಕಿಸ್ಕೊಂಡಿರ್ತಿದ್ರಾ?” ಎಂದಳು.

“ಹೂಂ.”

“ಬಲಗೈಯಲ್ಲಿ ಕಂಬಿ ತಟ್ಟೋರಾ?”

“ಹೂಂ.”

ಇಲ್ಲೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಬಸ್ಸಿನಲ್ಲಿ ಆಗ ಇಬ್ಬರು ಕಂಡಕ್ಟರುಗಳಿದ್ದರು, ದಿನ ಬಿಟ್ಟು ದಿನ. ಪೆನ್ಸಿಲ್ ನನಗೆ ನಿಜವಾಗಿಯೂ ನೆನಪಿತ್ತೋ, ಅಥವಾ ಅವಳು ಹೇಳಿದ ಮೇಲೆ ನನ್ನ ನೆನಪಿನೊಳಗೆ ಹೋಗಿ ಕಿವಿಗೆ ಸಿಕ್ಕಿಕೊಂಡಿತೋ, ನನಗೆ ಗೊತ್ತಿಲ್ಲ. ಗಿರಾಕಿ ಹೇಳಿದ್ದಕ್ಕೆ ಮೊದಲು ಹೂಂ ಅನ್ನುವುದು ನನ್ನ ನಾಲಿಗೆಗೆ ಎಷ್ಟೋ ವರ್ಷದ ರೂಢಿ. ಈ ಹೂಂಗಳು ಯಾವ ಜಾತಿಯವು ಎಂದು ನಾನು ಇವತ್ತಿಗೂ ತಟ್ಟಿ ನೋಡುತ್ತಲೇ ಇದ್ದೇನೆ. ಸದ್ದು ಒಂದೊಂದು ದಿನ ಒಂದೊಂದು ಥರ.

“ಇನ್ನೊಂದ್ಸಲ ಹೇಳಿ ಅಕ್ಕಾ” ಎಂದಳು. ಮೇಡಂ ಹೋಗಿ ಅಕ್ಕ ಆಗಿದ್ದೆ.

ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಮೂಗಿನಲ್ಲಿ ಇನ್ನೂ ಸ್ವಲ್ಪ ಬರಬೇಕು. ಕೊನೆಗೆ ಎಳೆಯಬಾರದು, ಟಿಕೆಟ್ ಹರಿದ ಹಾಗೆ ಪಟ್ಟನೆ ಬಿಡಬೇಕು. ಹಾಗಲ್ಲ, ಅದು ಅಳಿಯನ ಹತ್ತಿರ ಮಾತಾಡುವ ದನಿ. ಇದು ಸರಿ, ಆದರೆ ಸುಸ್ತಾಗಿರಬೇಕು, ಕೊನೆ ಟ್ರಿಪ್ಪು ಮುಗಿಸಿ ಬಂದವರ ಥರ. ಅವಳು ಕಣ್ಣು ಮುಚ್ಚಿ, ತಲೆ ವಾಲಿಸಿ, ನನ್ನ ಗಂಟಲನ್ನು ತಟ್ಟಿ ತಟ್ಟಿ ಆರಿಸಿದಳು. ಅಂಥ ಚೌಕಾಸಿ ಮಾಡುವ ಗಿರಾಕಿಯನ್ನು ನಾನು ನನ್ನ ಜೀವಮಾನದಲ್ಲಿ ಕಂಡಿಲ್ಲ.

ನಾಲ್ಕು ಬುಧವಾರ ಹೀಗೆ ನಡೆಯಿತು. ಕ್ಲಾಸು ಬಿಟ್ಟ ಮೇಲೆ ಬಾಗಿಲು ಮುಂದಕ್ಕೆ ಎಳೆದುಕೊಂಡು ಇಬ್ಬರು ಹೆಂಗಸರು ಗಂಡು ದನಿಯಲ್ಲಿ ಸ್ಟಾಪುಗಳ ಹೆಸರು ಕೂಗುತ್ತಿದ್ದೆವು. ಮಧ್ಯೆ ಒಮ್ಮೆ ಗೊಬ್ಬರದಂಗಡಿಯವರು ಮೇಲೆ ಬಂದು, “ಮೇಡಂ, ಯಾರೋ ಗಂಡಸ್ರು ಜಗಳಕ್ಕೆ ಬಂದಿದಾರಾ?” ಎಂದು ಇಣುಕಿದರು. ಇಲ್ಲ ಎಂದೆ. ಅವರು ಕೋಣೆಯ ಮೂಲೆಗಳನ್ನೊಮ್ಮೆ ನೋಡಿ ಇಳಿದುಹೋದರು. ನಾನೂ ಆ ಮೂಲೆಗಳನ್ನು ನೋಡಿದೆ.

ನಾಲ್ಕನೆಯ ಬುಧವಾರ ಅವಳು, “ಈಗ ಅದ್ನ ಹೇಳಿ” ಎಂದಳು.

“ಯಾವುದು?”

“ಟಿಕೆಟ್ ಇಲ್ದೆ ಹತ್ತಿದವ್ರದ್ದು.”

“ಅದು ಬೇಡ ಮಾರಾಯ್ತಿ. ಅದು ನಿಂಗೆ ಹೇಳಿದ್ದು, ನಂಗೆ ಹೇಳಿದ್ದಲ್ಲ. ನಾನು ಕೇಳೇ ಇಲ್ಲ. ಅಲ್ಲದೆ ಅದೇ ಮಾತು ತಾನೇ ನಿನ್ನ ಬಾಯಿ ಕಟ್ಟಿದ್ದು? ಮತ್ತೆ ಕಟ್ಟಿದ್ರೆ? ಕೆಲಸ ಹೋದ್ರೆ?”

“ಹೋದ್ರೆ ಇನ್ನೊಂದು ಕೆಲಸ ಹುಡುಕ್ತೀನಿ. ಇನ್ನೊಂದು ಅಪ್ಪನ್ನ ಎಲ್ಲಿ ಹುಡುಕ್ಲಿ? ಹಿಂದೆ ನಿಂತು ಹೇಳಿ ಅಕ್ಕಾ.”

ಎದ್ದು ಅವಳ ಕುರ್ಚಿಯ ಹಿಂದೆ ಹೋದೆ. ಅವಳ ಬಲಗಿವಿಯ ಹಿಂದೆ, ಸ್ವಲ್ಪ ಮೇಲೆ ನನ್ನ ಮುಖ. ಕಿವಿಯ ಓಲೆ ಅಲ್ಲಾಡುತ್ತಿತ್ತು. ಗಂಟಲು ಸರಿಮಾಡಿಕೊಂಡೆ.

“ನುಂಗ್ಬೇಡ. ಟಿಕೆಟ್ ಇಲ್ದೆ ಹತ್ತಿದವ್ರ ಥರ ಮಾತಾಡ್ತೀಯಲ್ಲೇ! ಗಟ್ಟಿ ಹೇಳು.”

ಅದು ನಾನು ಉದ್ದೇಶಿಸಿದ್ದಕ್ಕಿಂತ ದಪ್ಪಗೆ ಬಂತು. ಮೂಗಿನಲ್ಲಿ, ದಣಿದು, ಕೊನೆಗೆ ಪಟ್ಟನೆ ತುಂಡಾಗಿ. ಅಷ್ಟು ಸರಿಯಾಗಿ ಅದಕ್ಕೂ ಮೊದಲು ಒಂದು ಸಲವೂ ಬಂದಿರಲಿಲ್ಲ. ಅವಳ ಬೆನ್ನು ನೆಟ್ಟಗಾಯಿತು, ಶಾಲೆಯ ಹುಡುಗಿಯ ಹಾಗೆ. ಕತ್ತು ಬಲಕ್ಕೆ, ಹಿಂದಕ್ಕೆ, ಸ್ವಲ್ಪವೇ ಸ್ವಲ್ಪ ಹೊರಳಿತು. ನನ್ನ ಮುಖ ಅಲ್ಲೇ ಇತ್ತು. ಅವಳು ನೋಡಿದ್ದು ನನ್ನನ್ನಲ್ಲ.

“ಬಂದ್ರು ಅಕ್ಕಾ” ಎಂದಳು.

ಆಮೇಲೆ ಅವಳು ಬುಧವಾರಗಳಂದು ಬರುವುದನ್ನು ಬಿಟ್ಟಳು. ಮನಸ್ಸು ತಡೆಯದೆ, ಮುಂದಿನ ಪಾಲಕರ ಸಭೆಯ ದಿನ ಶಾಲೆಯ ಕಾಂಪೌಂಡಿನ ಹೊರಗೆ, ಕಿಟಕಿಯ ಪಕ್ಕ ನಿಂತು ಕೇಳಿದೆ. ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು. ಆದರೆ ಪ್ರತಿ ಹೊಸ ಮಾತಿಗೂ ಮೊದಲು ಒಂದು ಗಳಿಗೆ ನಿಲ್ಲುತ್ತಿದ್ದಳು. ಬೈಯುವವರು ಬೈದು ಮುಗಿಸಲಿ ಎಂದು ಕಾದಂತೆ. ಆಮೇಲೆ ಗಟ್ಟಿಯಾಗಿ ಹೇಳುತ್ತಿದ್ದಳು. ಹೊರಬಂದಾಗ ನನ್ನನ್ನು ಕಂಡು ನಕ್ಕಳು. “ಹೆಡ್ ಮಿಸ್ಸು ಕೇಳಿದ್ರು, ಯಾಕೆ ನಡುನಡುವೆ ನಿಲ್ತೀರಿ ಅಂತ. ಯೋಚ್ನೆ ಮಾಡಿ ಮಾತಾಡ್ತೀನಿ ಅಂದೆ. ಒಳ್ಳೇದು ಅಂದ್ರು.”

ಎನ್‌ಎಲ್‌ಪಿ ಕಲಿಸುವವರಿಗೆ, ಕಲಿಯುವವರಿಗೆ ನನ್ನದೊಂದು ಮಾತು. ವಿದ್ಯೆ ಸುಳ್ಳಲ್ಲ, ಕೆಲಸ ಮಾಡುತ್ತದೆ. ಕೆಲಸ ಮಾಡುತ್ತದೆ, ಅದಕ್ಕೇ ಹೇಳುತ್ತಿದ್ದೇನೆ, ದನಿ ಯಾರದು ಎಂದು ಮೊದಲು ಕೇಳಿ. ಕಥೆ ಕೇಳಲು ಅರ್ಧ ಗಂಟೆ ಹೋಗುತ್ತದೆ, ಹೋಗಲಿ. ನಾನು ಈಗ ಕೇಳುತ್ತೇನೆ. ಕೇಳಿದವರಲ್ಲಿ ಅರ್ಧಕ್ಕರ್ಧ ಜನ, ಅದು ಯಾರದೆಂದು ಹೇಳಿ ಮುಗಿಸಿದ ಮೇಲೆ, ಆ ದನಿ ಇರಲಿ ಬಿಡಿ ಮೇಡಂ ಎನ್ನುತ್ತಾರೆ.

ನನ್ನ ವಿಷಯ ಬಾಕಿ ಇದೆ. ಅವಳಿಗೆಂದು ನನ್ನ ಗಂಟಲಲ್ಲಿ ಹದ ಮಾಡಿದ ಆ ದನಿ ಅವಳ ಜೊತೆ ಪೂರ್ತಿ ಹೋಗಲಿಲ್ಲ. ಸಾಗರದಲ್ಲಿ ಕ್ಲಾಸಿನ ನಡುವೆ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಹೊರಟಾಗ, ಬಲಗಿವಿಯ ಹಿಂದೆ ಕೇಳುತ್ತದೆ. ‘ಟಿಕೆಟ್ ಇಲ್ದೆ ಹತ್ತಿದವ್ರ ಥರ.’ ಅವಳಪ್ಪನದೋ, ದಿನ ಬಿಟ್ಟು ದಿನ ಬರುತ್ತಿದ್ದ ಇನ್ನೊಬ್ಬರದೋ, ನಾವಿಬ್ಬರು ಕೂಡಿ ಮಾಡಿದ ಮೂರನೆಯವರದೋ. ಅದನ್ನು ಓಡಿಸಲು ನನಗೆ ಐದು ನಿಮಿಷ ಸಾಕು, ವಿದ್ಯೆ ಕೈಯಲ್ಲೇ ಇದೆ. ಓಡಿಸಿಲ್ಲ.

ಕಳೆದ ಗುರುವಾರ ತೀರ್ಥಹಳ್ಳಿಯ ಕ್ಲಾಸಿಗೆ ಹೋಗುತ್ತಿದ್ದೆ. ಮಧ್ಯಾಹ್ನದ ಬಸ್ಸು, ಜನ ಕಡಿಮೆ. ಪುಸ್ತಕದ ಬ್ಯಾಗನ್ನು ಪಕ್ಕದ ಸೀಟಿನ ಮೇಲೆ ಇಟ್ಟಿದ್ದೆ. ಕಂಡಕ್ಟರು ಮುಂದುಗಡೆ ಡ್ರೈವರಿನ ಜೊತೆ ಹರಟುತ್ತಿದ್ದ, ಇಪ್ಪತ್ತೈದರ ಹುಡುಗ, ಕೈಯಲ್ಲಿ ಟಿಕೆಟ್ ಮಿಷನ್ನು. ಹುಂಚ ದಾಟಿತು. ಹಿಂದಿನಿಂದ ಯಾರೋ ಬಂದು ನಿಂತಂತಾಯಿತು. ನಾನು ತಿರುಗಿ ನೋಡಲಿಲ್ಲ. ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ.

ಪಕ್ಕದ ಸೀಟು ತೀರ್ಥಹಳ್ಳಿಯವರೆಗೂ ಖಾಲಿಯೇ ಇತ್ತು.